ಕಾಯಿಲೆಯಿಲ್ಲದ ಸಾಕ್ಷಿ

ನಮ್ಮ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳಬೇಕೆಂದರೆ ಮೊದಲು ಒಂದು ದೊಡ್ಡ ಕಾಯಿಲೆ ಬೇಕಿತ್ತು. ಸಾಕ್ಷಿ ಎಂದರೆ ಕೋರ್ಟಿನದಲ್ಲ. ಕರ್ತನು ನನ್ನ ಬಾಳಿನಲ್ಲಿ ಏನು ಮಾಡಿದ ಎಂಬುದನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದು. ದಿಂಡಿಗಲ್ಲಿನಿಂದ ವೇದಸಂದೂರಿಗೆ ಹೋಗುವ ರಸ್ತೆಯ ಪಕ್ಕ, ತಗಡಿನ ಚಾವಣಿಯ ಕೆಳಗೆ ನಾವು ಕೂಡುತ್ತಿದ್ದೆವು. ಅಲ್ಲಿ ಭಾನುವಾರ ಭಾನುವಾರ ಯಾರದಾದರೂ ಕಿಡ್ನಿ ಗುಣವಾಗುತ್ತಿತ್ತು, ಯಾರ ಗಂಡನಾದರೂ ಕುಡಿತ ಬಿಡುತ್ತಿದ್ದ. ಬಾವಿಗೆ ಬಿದ್ದು ಬದುಕಿದ ಹಿರಿಯರೊಬ್ಬರಿದ್ದರು. ನಾನು ಮೊದಲ ಸಲ ಕೇಳಿದಾಗ ಬಾವಿಯಲ್ಲಿ ಸೊಂಟದ ಮಟ್ಟ ನೀರಿತ್ತು. ಮರುವರ್ಷ ಅದು ತಲೆ ಮುಳುಗುವಷ್ಟು ಏರಿತು. ಆಮೇಲೆ ಒಂದು ನಾಗರಹಾವೂ ಬಂದು ಅದರಲ್ಲಿ ಸೇರಿಕೊಂಡಿತು. ಅವರು ಸುಳ್ಳುಗಾರರಲ್ಲ. ಕೇಳುವವರ ಮುಖ ನೋಡುತ್ತಾ ನೋಡುತ್ತಾ ಬಾವಿ ತಾನಾಗಿಯೇ ಆಳವಾಗುತ್ತಿತ್ತು, ಅಷ್ಟೆ.

ನನ್ನ ಹತ್ತಿರ ಬಾವಿಯೂ ಇರಲಿಲ್ಲ, ಹಾವೂ ಇರಲಿಲ್ಲ. ನಾನು ಕಂಬಂ ಕಣಿವೆಯ ಹೆಣ್ಣು. ನಮ್ಮದು ದ್ರಾಕ್ಷಿ ತೋಟದ ಮನೆ. ಎಷ್ಟೋ ತಲೆಮಾರಿನ ಹಿಂದೆ ಅಲ್ಲಿಗೆ ಬಂದು ನೆಲೆಸಿದ ಕನ್ನಡದವರು ನಾವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಶಾಲೆಯಲ್ಲಿ ತಮಿಳು, ಜಗಳದಲ್ಲಿ ಎರಡೂ. ದಿಂಡಿಗಲ್ಲಿನ ಕಾಲೇಜಿನಲ್ಲಿ ಓದುವಾಗ ಬೀಗದ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಕ್ರೈಸ್ತರ ಮನೆಯ ಹುಡುಗನನ್ನು ಮೆಚ್ಚಿದೆ. ನಮ್ಮ ಮನೆಯಲ್ಲಿ ಆಗಬೇಕಾದ ರಂಪವೆಲ್ಲ ಆಯಿತು. ಅವ್ವ ಊಟ ಬಿಟ್ಟಳು. ಕೊನೆಗೆ ಮಗಳು ಹೋಗಿ ಬೀಳುವ ಮನೆ ಎಂಥದ್ದೆಂದು ಬೈಯುವುದಕ್ಕೇ ದಿಂಡಿಗಲ್ಲಿಗೆ ಬಂದಳು. ಬಾಗಿಲು ತೆರೆದ ನನ್ನ ಅತ್ತೆ, "ಬನ್ನಿ ಬೀಗಿತ್ತಿ, ಒಳಗೆ ಬನ್ನಿ, ಬಿಸಿಲಲ್ಲಿ ಬಂದಿದ್ದೀರಿ" ಎಂದು ಕನ್ನಡದಲ್ಲಿ ಕರೆದರು. ಅತ್ತೆ ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ. ಅವ್ವ ಬೈಗುಳವನ್ನೆಲ್ಲ ನುಂಗಿಕೊಂಡು ಕೂತಳು. ಕಾಫಿ ಕುಡಿದಳು. ದೇವರು ಬೇರೆಯಾದರೂ ಮಾತು ನಮ್ಮದೇ ಎಂದು ಸಮಾಧಾನ ಮಾಡಿಕೊಂಡಳು. ಅಂದಿನಿಂದ ಇಬ್ಬರೂ ಗೆಳತಿಯರು. ಒಬ್ಬರ ಕನ್ನಡ ತಪ್ಪೆಂದು ಇನ್ನೊಬ್ಬರು ಇವತ್ತಿಗೂ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಮದುವೆಯಾದ ಮೇಲೆ ನಾನು ಸಭೆಗೆ ಹೋಗತೊಡಗಿದ್ದು ಭಕ್ತಿಯಿಂದಲ್ಲ, ಭಾನುವಾರ ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು. ಆದರೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅತ್ತೆ ತಮ್ಮ ಹಳೆಯ ಕನ್ನಡದ ಸತ್ಯವೇದ ತೆಗೆದು, ನನ್ನ ಬೆರಳು ಹಿಡಿದು ಅಕ್ಷರ ತೋರಿಸಿ ಓದಿಸುತ್ತಿದ್ದರು. ಹುಟ್ಟಿದಾಗಿನಿಂದ ಆಡಿದ ಮಾತಿನ ಅಕ್ಷರ ನಾನು ಕಲಿತದ್ದು ಹೀಗೆ, ಮಧ್ಯವಯಸ್ಸಿನ ಹತ್ತಿರಕ್ಕೆ ಬಂದು. ಅಕ್ಷರದ ಜೊತೆಗೆ ನಂಬಿಕೆಯೂ ಬಂತು. ಯಾವ ದಿನ ಬಂತೆಂದು ಕೇಳಿದರೆ ಹೇಳಲಾರೆ. ಹಾಲಿಗೆ ಹೆಪ್ಪು ಹಾಕಿದ ಹೊತ್ತು ಹೇಳಬಹುದು, ಅದು ಮೊಸರಾದ ಗಳಿಗೆಯನ್ನು ಯಾರು ಹೇಳುತ್ತಾರೆ? ದೀಕ್ಷಾಸ್ನಾನವಾಯಿತು. ಆಕಾಶದಿಂದ ಯಾವ ದನಿಯೂ ಕೇಳಲಿಲ್ಲ. ನೆಗಡಿಯಾಯಿತು.

ಹಾಗಿರುವಾಗ ಒಂದು ವರ್ಷ ಪೊಂಗಲ್ ಬರುವ ತೈ ತಿಂಗಳಲ್ಲಿ ನಮ್ಮ ಸಭೆ, ಜನರ ಭಕ್ತಿಯನ್ನು ಬಡಿದೆಬ್ಬಿಸಲು, ಮೂರು ದಿನದ ಉಜ್ಜೀವನ ಕೂಟ ಇಟ್ಟುಕೊಂಡಿತು. ಪಾಸ್ಟರ್ ಸ್ಕೂಟರಿನಲ್ಲಿ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವರು ಅವರೇ. ಒಂದೇ ತೊಂದರೆ, ಸಣ್ಣದು ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

"ಸಿಸ್ಟರ್, ಎರಡನೇ ದಿನ ಸಂಜೆ ನಿಮ್ಮ ಸಾಕ್ಷಿ," ಎಂದರು. ಅವರದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನಗೆ ಏನೂ ಆಗಿಲ್ಲವಲ್ಲ ಅಯ್ಯಾ."

"ಆಗದೆ ಇರುತ್ತದೆಯೇ? ಹೊರಗಿನ ಮನೆಯಿಂದ ಬಂದವರು ನೀವು. ಜನ ಅದನ್ನು ಕೇಳಬೇಕು. ಏನು ಕಾಯಿಲೆಯಿತ್ತು?"

"ಕಾಯಿಲೆ ಇಲ್ಲ."

"ಯಜಮಾನರು ಕುಡಿಯುತ್ತಿದ್ದರೇ?"

ನನ್ನ ಗಂಡ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟುಬಿಟ್ಟರು.

ನಾನು ಯೋಚಿಸಿದೆ. ನಿಜವಾಗಿ ಕರ್ತನು ನನಗೆ ಏನು ಮಾಡಿದ? ಒಂದು ಸಂಗತಿ ನೆನಪಾಯಿತು, ಅದನ್ನೇ ಹೇಳಿದೆ. ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಕೊಯಮತ್ತೂರಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದಳು. ಅಲ್ಲಿಗೆ ಹೋಗಿ ಬಂದಾಗಲೆಲ್ಲ ನನಗೆ ಹೊಟ್ಟೆ ಉರಿ. ಅವಳ ನೆಲದ ಟೈಲ್ಸು, ಅವಳ ಕಿಟಕಿ, ಅವಳ ಅಡುಗೆಮನೆಯಲ್ಲಿ ಒಳಕ್ಕೆ ಸರಿಯುವ ಬೀರುಗಳು, ಎಲ್ಲವೂ ರಾತ್ರಿ ಹಾಸಿಗೆಗೆ ಬಂದು ನನ್ನ ಪಕ್ಕ ಮಲಗುತ್ತಿದ್ದವು. ಇದು ವರ್ಷಗಟ್ಟಲೆ ನಡೆಯಿತು. ನಾನು ಓದುತ್ತಿದ್ದೆ, ಪ್ರಾರ್ಥಿಸುತ್ತಿದ್ದೆ, ನಾಚಿಕೆಪಟ್ಟುಕೊಂಡು ಮತ್ತೆ ಪ್ರಾರ್ಥಿಸುತ್ತಿದ್ದೆ. ಕಳೆದ ಕ್ರಿಸ್‌ಮಸ್ಸಿಗೆ ಅವಳ ಮನೆಗೆ ಹೋಗಿ, ಉಂಡು, ಹರಟಿ, ಬಸ್ಸು ಹತ್ತಿ ಬರುತ್ತಿರುವಾಗ ಒಡ್ಡಂಛತ್ರದ ತರಕಾರಿ ಮಾರ್ಕೆಟ್ಟಿನ ಹತ್ತಿರ ತಟ್ಟನೆ ಹೊಳೆಯಿತು: ಈ ಸಲ ನಾನು ಅವಳ ನೆಲವನ್ನು ನೋಡಲೇ ಇಲ್ಲ. ಅವಳ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಾ ಕೂತುಬಿಟ್ಟಿದ್ದೆ. ಅಷ್ಟು ಹಗುರವಾಗಿ ನಾನು ಯಾವತ್ತೂ ಮನೆಗೆ ಬಂದಿರಲಿಲ್ಲ.

ಪಾಸ್ಟರ್ ಇನ್ನೂ ಏನಾದರೂ ಬರುತ್ತದೆಂದು ಕಾದರು.

"ಅಷ್ಟೆ ಅಯ್ಯಾ."

"ಟೈಲ್ಸಾ?" ಎಂದರು. "ಸಿಸ್ಟರ್, ಟೈಲ್ಸ್ ಕೇಳುವುದಕ್ಕೆ ಬತ್ತಲಗುಂಡಿನಿಂದ ವ್ಯಾನ್ ಮಾಡಿಕೊಂಡು ಯಾರು ಬರುತ್ತಾರೆ? ಚಿಕ್ಕಂದಿನಲ್ಲಾದರೂ ಏನೂ ಬಂದಿರಲಿಲ್ಲವೇ?"

ಚಿಕ್ಕವಳಿದ್ದಾಗ ಟೈಫಾಯಿಡ್ ಬಂದ ಹಾಗೆ ನೆನಪು, ಕಂಬಂನಲ್ಲಿ ಇಂಜೆಕ್ಷನ್ ಹಾಕಿದ ಮೇಲೆ ಹೋಯಿತು ಎಂದೆ. ಆಗ ನನಗೆ ಕರ್ತನ ಹೆಸರೂ ಗೊತ್ತಿರಲಿಲ್ಲ ಎಂದೂ ಸೇರಿಸಿದೆ.

"ನಿಮಗೆ ಗೊತ್ತಿರಲಿಲ್ಲ. ಕರ್ತರಿಗೆ ನೀವು ಗೊತ್ತಿದ್ದಿರಲ್ಲ!" ಪಾಸ್ಟರ್ ಸಂತೋಷದಿಂದ ಎದ್ದು, ಪ್ರಾರ್ಥನೆ ಮಾಡಿ, ಸ್ಕೂಟರ್ ಹತ್ತಿದರು.

ಆಗ ನನಗೂ ಒಂದು ಕ್ಷಣ ಬೇಸರವಾದದ್ದು ನಿಜ. ಎಲ್ಲರಿಗೂ ಗಡ್ಡೆ, ಕಲ್ಲು, ಪಾರ್ಶ್ವವಾಯು ಕೊಟ್ಟ ದೇವರು ನನಗೆ ಬರೀ ಓರಗಿತ್ತಿಯನ್ನು ಕೊಟ್ಟನಲ್ಲ!

ಪೋಸ್ಟರು ಅಚ್ಚಾಗಿ ಬಂತು. ಹಿನ್ನೆಲೆಯಲ್ಲಿ ಮಿಂಚು, ಮೇಲೆ ಬಿಳಿ ಪಾರಿವಾಳ, ಅತಿಥಿ ಪ್ರಸಂಗಿಯ ದೊಡ್ಡ ಮುಖ. ಕೆಳಗೆ ಮೂಲೆಯಲ್ಲಿ ಒಂದು ವೃತ್ತದೊಳಗೆ ನಾನು. ನಾದಿನಿಯ ಮಗಳ ಸೀಮಂತದಲ್ಲಿ ತೆಗೆದ ಫೋಟೋ. ಪಕ್ಕದವರ ಬಳೆ ತೊಟ್ಟ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಅದರ ಕೆಳಗೆ, "ವೈದ್ಯರು ಕೈಬಿಟ್ಟ ಸಹೋದರಿ, ಸಾವಿನ ಬಾಯಿಂದ ಬಿಡುಗಡೆ!" ಪಾಸ್ಟರಿಗೆ ಫೋನ್ ಮಾಡಿದೆ. ಪ್ರೆಸ್ಸಿನವರು ಹೋದ ವರ್ಷದ ಮಾದರಿಯಲ್ಲಿ ಫೋಟೋ ಮಾತ್ರ ಬದಲಾಯಿಸಿದ್ದಾರೆಂದೂ, ತಾವು ನೋಡುವಷ್ಟರಲ್ಲಿ ದಿಂಡಿಗಲ್ಲಿನಿಂದ ಬತ್ತಲಗುಂಡಿನವರೆಗೆ ಅಂಟಿಸಿ ಆಗಿತ್ತೆಂದೂ ಹೇಳಿದರು.

"ಕರ್ತರು ಇದನ್ನೂ ಉಪಯೋಗಿಸುತ್ತಾರೆ ಸಿಸ್ಟರ್," ಎಂದರು.

ಮೊದಲು ಉಪಯೋಗಿಸಿದವನು ನನ್ನ ದೊಡ್ಡಪ್ಪನ ಮಗ. ಬತ್ತಲಗುಂಡಿನ ಮಾರ್ಕೆಟ್ಟಿಗೆ ತೆಂಗಿನಕಾಯಿ ಲೋಡು ಇಳಿಸಲು ಬಂದವನು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನನ್ನನ್ನು ಕಂಡ. ಫೋಟೋ ಹೊಡೆದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಅವ್ವನಿಗೆ ಓದಲು ಬರದು. ಯಾರೋ ಓದಿ ಹೇಳಿದರು.

ಮರುದಿನ ಬೆಳಿಗ್ಗೆ ನಾವು ದೋಸೆ ತಿನ್ನುತ್ತಿರುವಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸೂಪಿಗೆಂದು ಆಡಿನ ಕಾಲು, ನಾಟಿ ಕೋಳಿಮೊಟ್ಟೆ ತುಂಬಿದ ವೈರ್ ಬುಟ್ಟಿ, ಇನ್ನೊಂದು ಕೈಯಲ್ಲಿ ಕಾಗದದಲ್ಲಿ ಮಡಿಸಿದ ಊರ ಮಾರಿಯಮ್ಮನ ತಿರುನೀರು, ಅಂದರೆ ವಿಭೂತಿ. ಕಣ್ಣು ಕೆಂಪಾಗಿ ಊದಿಕೊಂಡಿತ್ತು.

"ಏನ್ ಕಣ್ಣು ಆಯ್ತು ನಿಂಗೆ? ಎಲ್ಲಿ ನೋವದೆ? ನಾಲ್ಗೆ ನೀಡು." ಮುದ್ದು ಬಂದಾಗ ಅವ್ವ ನನ್ನನ್ನು ಕರೆಯುವುದೇ 'ಕಣ್ಣು' ಎಂದು.

"ಅವ್ವಾ, ನಂಗೇನೂ ಇಲ್ಲ."

"ಸುಮ್ನಿರು! ಡಾಕ್ಟ್ರು ಕೈಬಿಟ್ಟವ್ರೆ ಅಂತ ಊರೆಲ್ಲ ಗೋಡೆ ಮ್ಯಾಲೆ ಹಾಕವ್ರೆ, ಪೆತ್ತ ತಾಯಿಗೆ ಒಂದ್ ಮಾತು ಇಲ್ಲೆ." ನನ್ನ ಗಂಡನ ಕಡೆ ತಿರುಗಿದಳು. "ಮಾಪ್ಳೆ, ನೀವಾದ್ರೂ ಫೋನ್ ಪೋಡಬಾರ್ದಾಗಿತ್ತಾ? ಇವಳು ಎದ್ದು ದೋಸೆ ಬೇರೆ ಸುಡ್ತಾವ್ಳೆ!"

ನನ್ನ ಗಂಡ ಬಾಯಲ್ಲಿದ್ದ ದೋಸೆಯನ್ನು ಅಪರಾಧಿಯ ಹಾಗೆ ನುಂಗಿದರು. ಅತ್ತೆ ಅವ್ವನನ್ನು ಕೂರಿಸಿ, ನೀರು ಕೊಟ್ಟು, ನಡೆದದ್ದನ್ನು ನಿಧಾನವಾಗಿ ವಿವರಿಸಿದರು. ಅವ್ವ ಕೇಳಿದಳು. ಅಳು ನಿಂತಿತು, ಸಿಟ್ಟು ಬಂತು.

"ಇಲ್ಲದ ನೋವ ಅದೆ ಅದೆ ಅಂತ ಕೂಗಿದ್ರೆ ಬಂದುಬಿಡ್ತದೆ ಸಂಬಂದಿ! ಎಷ್ಟ್ ಜನ್ರ ಕಣ್ಣು ಬಿದ್ದದೋ ಇವಳ ಮ್ಯಾಲೆ. ಉಪ್ಪು ಮೆಣಸಿನಕಾಯಿ ಎಲ್ಲದೆ?"

ನಮ್ಮದು ದೃಷ್ಟಿ ತೆಗೆಯುವ ಮನೆಯಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಸಭೆಯ ಹಿರಿಯರಲ್ಲಿ ಒಬ್ಬರು. ಇಂಥದ್ದು ಕೂಡದೆಂದು ಹೆಂಗಸರ ಕೂಟದಲ್ಲಿ ಪಾಠ ಮಾಡುವವರು. ಅತ್ತೆ ಸ್ವಲ್ಪ ಹೊತ್ತು ಅವ್ವನ ಊದಿದ ಕಣ್ಣು ನೋಡಿದರು. ಆಮೇಲೆ, "ಮೆಣಸಿನಕಾಯಿ ಎಡಗಡೆ ಡಬ್ಬದಲ್ಲಿದೆ ಬೀಗಿತ್ತಿ. ನಾನು ನೋಡಲಿಲ್ಲ, ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ ಇದ್ದೆ," ಎಂದು ಎದ್ದು ಹಿತ್ತಲಿಗೆ ನಡೆದರು. ಒಣಗಿಸಲು ಅಲ್ಲಿ ಒಂದೂ ಬಟ್ಟೆ ಇರಲಿಲ್ಲ.

ಅವ್ವ ನನ್ನನ್ನು ಮೂಡಲಿಗೆ ಮುಖ ಮಾಡಿ ಕೂರಿಸಿ, ಉಪ್ಪು ಮೆಣಸಿನಕಾಯಿ ಸುತ್ತಿ, ನಿವಾಳಿಸಿ, ಅವನ್ನು ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟು ಮನೆಯೆಲ್ಲ ತುಂಬಿತು. ಸರಿಯಾಗಿ ಆಗಲೇ ಬಾಗಿಲಲ್ಲಿ, "ಸ್ತೋತ್ರಂ ಸಿಸ್ಟರ್!" ಎಂದ ಪಾಸ್ಟರ್ ಮುಂದಿನ ಮಾತು ಆಡಲಾಗದೆ ಒಂದೇ ಸಮನೆ ಸೀನತೊಡಗಿದರು. ಅವ್ವ ಸೆರಗು ಬಿಗಿದು ಅವರ ಮುಂದೆ ನಿಂತಳು.

"ನೀವೇನಾ ಪಾದ್ರಿ? ನನ್ನ ಮಗಳಿಗೆ ಏನು ಕಾಯಿಲೆ, ಹೇಳಿ," ಎಂದು ತಮಿಳಿನಲ್ಲಿ ಕೇಳಿದಳು.

"ಅಮ್ಮಾ... ಈಗಲ್ಲ... ಚಿಕ್ಕಂದಿನಲ್ಲಿ... ಟೈಫಾಯಿಡ್..." ಪಾಸ್ಟರ್ ಸೀನುಗಳ ನಡುವೆ ಹೇಳಿದರು.

"ಟೈಫಾಯಿಡಾ? ಅದು ಇವಳ ಅಣ್ಣನಿಗೆ ಬಂದದ್ದು! ಇವಳಿಗೆ ಬಂದದ್ದು ಪೊನ್ನುಕ್ಕುವೀಂಗಿ. ಕೆನ್ನೆ ಎರಡೂ ಬನ್ನಿನ ಹಾಗೆ ಊದಿತ್ತು. ನನ್ನ ಚಿನ್ನದ ಸರ ಕೊರಳಿಗೆ ಹಾಕಿದೆ. ಇಳಿದುಹೋಯಿತು."

ಕೆನ್ನೆ ಊದುವ ಮಂಗನಬಾವಿಗೆ ನಮ್ಮ ಕಡೆ ಆ ಹೆಸರು. ಚಿನ್ನ ಹಾಕಿದರೆ ಬಾವು ಇಳಿಯುತ್ತದೆಂದು ನಂಬಿಕೆ. ಹೀಗೆ ನನ್ನ ಬಳಿಯಿದ್ದ ಒಂದೇ ಒಂದು ಕಾಯಿಲೆಯೂ ನನ್ನ ಅಣ್ಣನ ಪಾಲಾಯಿತು. ಪಾಸ್ಟರ್ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು.

"ಅಯ್ಯಾ, ನಾನು ಟೈಲ್ಸ್ ವಿಷಯವನ್ನೇ ಹೇಳುತ್ತೇನೆ. ಅದು ಬೇಡವಾದರೆ ನನ್ನನ್ನು ಬಿಟ್ಟುಬಿಡಿ," ಎಂದೆ.

ಬಿಡುವಂತಿರಲಿಲ್ಲ, ಗೋಡೆಗಳ ಮೇಲೆ ನಾನಿದ್ದೆನಲ್ಲ. "ಸರಿ ಸಿಸ್ಟರ್. ಸ್ವಲ್ಪ ಜೋರಾಗಿ ಹೇಳಿ," ಎಂದು ಹೋದರು.

ಅವ್ವ ಊರಿಗೆ ಹಿಂತಿರುಗಲಿಲ್ಲ. ಮಗಳ ಬಗ್ಗೆ ಮೈಕಿನಲ್ಲಿ ಏನೇನು ಹೇಳುತ್ತಾರೋ, ಕಿವಿಯಾರೆ ಕೇಳಿಯೇ ಹೋಗುತ್ತೇನೆಂದು ಕೂತಳು. ಎರಡನೇ ದಿನ ಸಂಜೆ ಹಣೆಯ ತುಂಬ ತಿರುನೀರು ಬಳಿದುಕೊಂಡು, ನನ್ನ ಅತ್ತೆಯ ಪಕ್ಕ, ಉಜ್ಜೀವನ ಕೂಟದ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಜನ ತುಂಬಿತ್ತು. ಬತ್ತಲಗುಂಡಿನಿಂದ ನಿಜವಾಗಿಯೂ ವ್ಯಾನ್ ಬಂದಿತ್ತು. ಅತಿಥಿ ಪ್ರಸಂಗಿ ಬಿಳಿ ಸೂಟಿನಲ್ಲಿ ಎದ್ದು, "ಡಾಕ್ಟರುಗಳು ಮನೆಗೆ ಕರೆದುಕೊಂಡು ಹೋಗಿ ಎಂದರು! ಶವದ ಪೆಟ್ಟಿಗೆಗೆ ಹೇಳಿದ್ದರು!" ಎಂದು ನನ್ನನ್ನು ಪರಿಚಯಿಸಿದರು. ಅವರಿಗೆ ಪೋಸ್ಟರ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಪಾಪ. ಕೀಬೋರ್ಡಿನವರು ಮೆಲ್ಲಗೆ ಅಳುವ ರಾಗ ಹಿಡಿದರು.

ನಾನು ಮೈಕಿನ ಮುಂದೆ ನಿಂತೆ. "ನನಗೆ ಸಾವಿನ ಕಾಯಿಲೆ ಯಾವುದೂ ಬಂದಿರಲಿಲ್ಲ. ಪೋಸ್ಟರಿನಲ್ಲಿ ತಪ್ಪಾಗಿದೆ," ಎಂದೆ. ಕೀಬೋರ್ಡು ಅಳುತ್ತಲೇ ಇತ್ತು. "ನನ್ನ ಓರಗಿತ್ತಿಯ ಮನೆಯ ಟೈಲ್ಸ್ ನೋಡಿ ನನಗೆ ಹೊಟ್ಟೆಕಿಚ್ಚು," ಎಂದೆ. ಕೀಬೋರ್ಡು ಅರ್ಧದಲ್ಲಿ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಒಡ್ಡಂಛತ್ರದವರೆಗಿನ ಕತೆಯನ್ನೆಲ್ಲ ಹೇಳಿದೆ. ಸತ್ಯವೇದದಲ್ಲಿ, ಸೆರೆಮನೆಯಲ್ಲಿ ಕೂತಿದ್ದ ಒಬ್ಬ ಅಪೊಸ್ತಲ, ಇರುವುದರಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತೆನೆಂದು ಬರೆದಿದ್ದಾನೆ. ಕಲಿತೆ ಎಂದರೆ ಅವನಿಗೂ ಮೊದಲು ಬರುತ್ತಿರಲಿಲ್ಲ ಎಂದು ತಾನೇ ಅರ್ಥ, ಅದರಿಂದ ನನಗೆ ಧೈರ್ಯ ಬಂತು ಎಂದೆ. "ನಾನೂ ಕಲಿಯುತ್ತಿದ್ದೇನೆ. ಪೂರ್ತಿ ಬಂದಿಲ್ಲ," ಎಂದು ಮುಗಿಸಿದೆ.

ಒಬ್ಬರು ಅನುಮಾನದಿಂದ, "ಸ್ತೋತ್ರಂ?" ಎಂದರು. ಪಾಸ್ಟರ್ ಬೆವರು ಒರೆಸಿಕೊಳ್ಳುತ್ತಿದ್ದರು. ಆಗ ಬಿಳಿ ಸೂಟಿನ ಪ್ರಸಂಗಿ ಹಾರಿ ಬಂದು ಮೈಕು ಹಿಡಿದರು. ಎಷ್ಟೋ ಮುಳುಗುವ ಕೂಟಗಳನ್ನು ದಡ ಸೇರಿಸಿದ ಅನುಭವಸ್ಥರು.

"ಕೇಳಿದಿರಾ? ಹೊಟ್ಟೆಕಿಚ್ಚು! ಅದಕ್ಕಿಂತ ದೊಡ್ಡ ಕ್ಯಾನ್ಸರ್ ಯಾವುದು? ಈ ಸಹೋದರಿಗೆ ಇದ್ದದ್ದು ಕ್ಯಾನ್ಸರ್! ಕರ್ತರು ಬೇರು ಸಹಿತ ಕಿತ್ತರು!"

"ಅಲ್ಲೇಲೂಯ!" ಎಂದು ಪೆಂಡಾಲು ಗುಡುಗಿತು. ಕೀಬೋರ್ಡು, ಡ್ರಮ್ಮು ಎಲ್ಲ ಒಟ್ಟಿಗೆ ಶುರುವಾದವು. ಮೊದಲ ಸಾಲಿನಿಂದ ಅವ್ವ ಎದ್ದಳು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು.

"ಕ್ಯಾನ್ಸರ್ ಇಲ್ಲ! ಪೊನ್ನುಕ್ಕುವೀಂಗಿ! ಪೊನ್ನುಕ್ಕುವೀಂಗಿ!" ಎಂದು ಕೈಯೆತ್ತಿ ಕೂಗಿದಳು.

ಅಕ್ಕಪಕ್ಕದವರು ಅವಳಿಗೆ ಆತ್ಮ ಇಳಿದಿದೆ ಎಂದುಕೊಂಡು ತಾವೂ ಕೈಯೆತ್ತಿ ಸ್ತೋತ್ರ ಹೇಳತೊಡಗಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಹೆಗಲು ಕುಣಿಯುತ್ತಿತ್ತು, ಅಳುತ್ತಿದ್ದಾರೆಂದು ತಿಳಿದು ಒಬ್ಬರು ನೀರು ತಂದುಕೊಟ್ಟರು.

ಕೂಟ ಯೂಟ್ಯೂಬಿನಲ್ಲಿ ನೇರವಾಗಿ ಹೋಗುತ್ತಿತ್ತೆಂದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಓರಗಿತ್ತಿಯ ಫೋನು ಬಂದಾಗ. ಅವಳು ಸಿಟ್ಟು ಮಾಡಿಕೊಂಡಿದ್ದಾಳೆಂದು ಕ್ಷಮೆ ಕೇಳಲು ಬಾಯಿ ತೆರೆದೆ.

"ಎಲ್ಲ ಕೇಳಿದೆ. ಚೆನ್ನಾಗಿ ಮಾತಾಡಿದೆ," ಎಂದಳು. ಸ್ವಲ್ಪ ತಡೆದು, "ಆದರೆ ಅಷ್ಟು ಜನರ ಮುಂದೆ ಟೈಲ್ಸ್ ಅಂದೆಯಲ್ಲ. ಅದು ಟೈಲ್ಸ್ ಅಲ್ಲ, ಗ್ರಾನೈಟ್," ಎಂದಳು.

ಗ್ರಾನೈಟ್ ಎಂದು ಕೇಳಿದ್ದೇ ನನ್ನೊಳಗೆ ಏನೋ ಒಂದು ಸಣ್ಣಗೆ ಕುಟುಕಿತು. ನಾನು ಅದನ್ನು ಗಮನಿಸಿದೆ. ಬೇರು ಸಹಿತ ಕಿತ್ತದ್ದೇನೂ ಇಲ್ಲವೆಂದು ಖಾತ್ರಿಯಾಯಿತು. "ಹೌದಾ ಅಕ್ಕ? ಮುಂದಿನ ಸಲ ಸರಿಯಾಗಿ ಹೇಳುತ್ತೇನೆ. ಮೊಣಕಾಲು ಹೇಗಿದೆ?" ಎಂದೆ. ಅವಳು ಮೊಣಕಾಲಿನ ಬಗ್ಗೆ ಬಹಳ ಹೊತ್ತು ಮಾತಾಡಿದಳು. ಮಾತು ಮುಗಿಯುವಷ್ಟರಲ್ಲಿ ಕುಟುಕು ಹೋಗಿತ್ತು.

ಅವ್ವ ಅಂದು ಹೊರಡುವವಳು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

"ನೆಜವಾ ಕಣ್ಣು? ಅವಳ ಮನೆ ಕಂಡ್ರೆ ಈಗ ನಿಂಗೆ ಏನೂ ಆಗಲ್ವಾ?"

"ಆಗ್ತದೆ ಅವ್ವಾ. ಮೊದ್ಲಷ್ಟು ಇಲ್ಲ. ಬಂದ್ರೂ ಬೇಗ ಹೋಗ್ತದೆ."

"ನಿಮ್ ಸಾಮಿ ಇದ್ನೆಲ್ಲ ಮಾಡ್ತದಾ?"

"ದಿನಾ ಕೇಳ್ಕೊತೀನಿ. ಮೆಲ್ಲಗೆ ಮಾಡ್ತಾನೆ."

ಅವ್ವ ಎಲೆಯನ್ನು ಅಗಿದು, ಬೀದಿಯ ಕಡೆ ನೋಡಿ, ದನಿ ತಗ್ಗಿಸಿದಳು. "ಹಂಗಾದ್ರೆ ನಿನ್ ಚಿಕ್ಕವ್ವನಿಗೂ ಸೇರ್ಸಿ ಒಂದ್ ಮಾತು ಕೇಳ್ಕ. ನಾವು ಬೋರ್ ಹಾಕ್ಸಿದಾಗ್ನಿಂದ ಅವಳಿಗೆ ರೊಂಬ ಅದೆ ಈ ನೋವು."

"ನಿಂಗೆ?"

"ನಂಗೇನದೆ? ಅವಳಿಗಿಂತ ನಮ್ ಬೋರ್‌ನಲ್ಲೇ ನೀರು ಜಾಸ್ತಿ," ಎಂದು ಅವ್ವ ಎದ್ದು ಸೀರೆ ಕೊಡವಿಕೊಂಡಳು. ನನ್ನ ಗಂಡ ಅವಳನ್ನು ಬಸ್ಸಿಗೆ ಬಿಟ್ಟು ಬಂದರು.

ಸಾಕ್ಷಿಯ ಕತೆ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಮುಂದಿನ ವಾರ ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸು, ಶುಕ್ರವಾರ ರಜೆಯಿರುವ ಚರ್ಮದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಹಿತ್ತಲ ಬಾಗಿಲಿಗೆ ಬಂದಳು. "ಅಕ್ಕ, ನೀವು ಹೇಳಿದ ಆ ಕಾಯಿಲೆ ನನಗೂ ಇದೆ. ನನ್ನ ತಂಗಿಯ ಮೇಲೆ," ಎಂದಳು. ನಾನೇನು ಮಾಡಲಿ? ಒಳಗೆ ಕರೆದೆ. ಅತ್ತೆ ಸತ್ಯವೇದ ತೆಗೆದು ಕನ್ನಡದಲ್ಲಿ ಓದಿ ತಮಿಳಿನಲ್ಲಿ ಹೇಳಿದರು. ಮೂವರೂ ಪ್ರಾರ್ಥಿಸಿದೆವು. ಅವಳಿಗೆ ಗುಣವಾಗಲಿಲ್ಲ, ಆದರೆ ಮುಂದಿನ ಶುಕ್ರವಾರ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಅವಳಿಗೆ ಬೀದಿ ನಲ್ಲಿಯ ಹತ್ತಿರ ಶುರುವಾದ ಒಂದು ಹಳೆಯ ದ್ವೇಷ. ಆಮೇಲೆ ಇನ್ನೂ ಕೆಲವರು. ಯಾರಿಗೂ ಪೋಸ್ಟರಿಗೆ ಆಗುವಂಥ ಕಾಯಿಲೆಯಿಲ್ಲ. ಒಬ್ಬಳಿಗೆ ನಾದಿನಿ, ಒಬ್ಬಳಿಗೆ ಸೊಸೆಯ ಅಡುಗೆ, ಇನ್ನೊಬ್ಬಳಿಗೆ ಮಾತುಮಾತಿಗೂ ಬರುವ ಸಿಡುಕು.

ಸುದ್ದಿ ಪಾಸ್ಟರ್ ಕಿವಿಗೆ ಬಿತ್ತು. ಸ್ಕೂಟರ್ ಬಂತು. "ಸಿಸ್ಟರ್, ಇದಕ್ಕೆ ಹೊಟ್ಟೆಕಿಚ್ಚು ಬಿಡುಗಡೆ ಸೇವೆ ಎಂದು ಹೆಸರಿಡೋಣ. ಒಂದು ಫ್ಲೆಕ್ಸ್ ಹಾಕೋಣ," ಎಂದರು.

"ಬೇಡ ಅಯ್ಯಾ. ಫ್ಲೆಕ್ಸ್ ಹಾಕಿದರೆ ಒಬ್ಬಳೂ ಬರಲ್ಲ. ಬಂದವಳನ್ನು ನೋಡಿ, ಇವಳಿಗೆ ಯಾರ ಮೇಲೆ ಎಂದು ಬೀದಿಯೆಲ್ಲ ಕೇಳುತ್ತದೆ."

ಅವರು ಯೋಚಿಸಿದರು. ಆಮೇಲೆ, ಅವರನ್ನು ನಾನು ಪ್ರೀತಿಸುವುದು ಇದಕ್ಕೇ, ಕಾಫಿ ಲೋಟವನ್ನು ತಿರುಗಿಸುತ್ತಾ ಮೆಲ್ಲಗೆ ಕೇಳಿದರು: "ಶುಕ್ರವಾರ ಗಂಡಸರು ಬರಬಹುದೇ? ಆ ಬೈಪಾಸಿನ ಹತ್ತಿರದ ಸಭೆಯವರು ಏಸಿ ಹಾಕಿಸಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ."

ಅತ್ತೆ ಅವರಿಗೊಂದು ಮಣೆ ಹಾಕಿದರು. ಅಂದಿನಿಂದ ಅವರೂ ಕೆಲವು ಶುಕ್ರವಾರ ಬರುತ್ತಾರೆ, ಬೋಧಿಸುವುದಿಲ್ಲ. ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಮುಂದಿನ ಕೋಣೆಯ ವರ್ಕ್‌ಶಾಪಿನಲ್ಲಿ ನನ್ನ ಗಂಡ ಹಿತ್ತಾಳೆ ತಗಡಿಗೆ ಅರ ಹಾಕುವ ಸದ್ದು ಕೇಳುತ್ತಿರುತ್ತದೆ. ನಾವು ಅಡುಗೆಮನೆಯ ನೆಲದ ಮೇಲೆ ಸುತ್ತ ಕೂತು, ನಡುವೆ ಮೊರದಲ್ಲಿ ಸಾಂಬಾರ್ ಈರುಳ್ಳಿ ಸುರಿದುಕೊಂಡು, ಸುಲಿಯುತ್ತಾ ಮಾತಾಡುತ್ತೇವೆ. ಕಣ್ಣೀರು ಯಾವುದಕ್ಕೆ ಬಂತೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಹೋದ ಶುಕ್ರವಾರ ಪಾಸ್ಟರ್ ಸುಲಿದ ಈರುಳ್ಳಿಯಲ್ಲಿ ಅರ್ಧ ಸಿಪ್ಪೆಯ ಜೊತೆಗೇ ಹೋಗಿತ್ತು. ಕಾರ್ಖಾನೆಯ ಹೆಂಗಸು ಅದನ್ನು ಅವರ ಕೈಯಿಂದ ತೆಗೆದುಕೊಂಡು, "ಹಾಗಲ್ಲ ಅಯ್ಯಾ, ಸಣ್ಣದನ್ನು ನಿಧಾನವಾಗಿ ಸುಲಿಯಬೇಕು," ಎಂದು ತೋರಿಸಿಕೊಟ್ಟಳು. ಅವರು ತಲೆ ತಗ್ಗಿಸಿ ಇನ್ನೊಂದನ್ನು ಎತ್ತಿಕೊಂಡರು.